ಗಂಡಿನ ತಾಯಿಯ ಮುಂದೆ ಮೊದಲ ಹೊಡೆತ

ನಮ್ಮ ಮನೆತನದಲ್ಲಿ ಹೆಣ್ಣು ಹೆತ್ತವರು ಯಾವುದಕ್ಕೂ ಮೊದಲು ಕೈ ಹಾಕುವಂತಿಲ್ಲ. ಗಂಡಿನ ಕಡೆಯವರು ಊಟಕ್ಕೆ ಕುಳಿತ ಮೇಲೆ ನಾವು ಕೂರಬೇಕು. ಕಾರಿನಲ್ಲಿ ಮುಂದಿನ ಸೀಟು ಅವರಿಗೆ, ಫೋಟೋದಲ್ಲಿ ನಡುವಿನ ಜಾಗ ಅವರಿಗೆ, ಉಡಿ ತುಂಬುವಾಗಲೂ ಮೊದಲ ಸೆರಗು ಅವರದೇ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ತಪ್ಪಿದವರನ್ನು ಯಾರೂ ಮರೆಯುವುದಿಲ್ಲ. ನನ್ನ ಸೋದರತ್ತೆಯೊಬ್ಬಳು ಮಗಳ ಮದುವೆಯಲ್ಲಿ ಬೀಗರಿಗಿಂತ ಮೊದಲು ಚಹಾ ಕುಡಿದಳಂತೆ. ಆ ಮಗಳಿಗೇ ಈಗ ಮೊಮ್ಮಕ್ಕಳಿದ್ದಾರೆ, ಆದರೂ ಆ ಚಹಾದ ಸುದ್ದಿ ಪ್ರತಿ ಮದುವೆಯಲ್ಲೂ ಒಮ್ಮೆ ಎದ್ದು ಬರುತ್ತದೆ.

ಯಾರು ಮೊದಲು ಎಂಬುದನ್ನು ಸ್ಪಷ್ಟವಾಗಿ ಬರೆದಿಟ್ಟಿರುವುದನ್ನು ನಾನು ಕಂಡದ್ದು ಗಾಲ್ಫಿನಲ್ಲಿ. ಅದರಿಂದಲೇ ನನ್ನ ಮಗಳ ಮದುವೆ ಇನ್ನೇನು ಮುರಿದು ಬೀಳುವುದರಲ್ಲಿತ್ತು.

ನಾನು ದನದ ಡಾಕ್ಟರು. ಮೂವತ್ತೆರಡು ವರ್ಷ ಹಳ್ಳಿ ಹಳ್ಳಿ ತಿರುಗಿ ಎಮ್ಮೆಗಳ ಹೆರಿಗೆ ಮಾಡಿಸಿ, ಎತ್ತುಗಳಿಂದ ಒದೆಸಿಕೊಂಡು, ಕಡೆಗೆ ನಿವೃತ್ತಳಾಗಿ ಬೆಳಗಾವಿಯ ಸದಾಶಿವನಗರದ ಮನೆಯಲ್ಲಿ ಕುಳಿತೆ. ಕುಳಿತ ಮೂರನೇ ತಿಂಗಳಿಗೆ ಸಕ್ಕರೆ ಏರಿತು. ಸಿಟ್ಟು ನನಗೆ ಹುಟ್ಟಿನಿಂದಲೂ ಮೂಗಿನ ತುದಿಯಲ್ಲೇ ಇತ್ತು, ಅದೂ ಏರಿತು. ನಮ್ಮ ಓಣಿಯಲ್ಲಿ ಭೂಮಾಪನದ ಕೆಲಸದಿಂದ ನಿವೃತ್ತರಾದ ಸಾಹೇಬರೊಬ್ಬರಿದ್ದಾರೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಜಗಳಕ್ಕೆ ಮರಾಠಿ. ಅವರು ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಗಾಲ್ಫ್ ಆಡಲು ಹೋಗುವವರು. ನನ್ನ ಯಜಮಾನರೇ ಅವರ ಬಳಿ ಹೋಗಿ, ಈಕೆಯನ್ನೂ ಜೊತೆಗೆ ಕರೆದುಕೊಂಡು ಹೋದರೆ ಮನೆಯಲ್ಲಿ ಉಳಿದವರಿಗೆ ಪುಣ್ಯ ಬರುತ್ತದೆ ಎಂದು ಬೇಡಿಕೊಂಡರು.

ಹೀಗೆ ಅರವತ್ತು ದಾಟಿದ ಮೇಲೆ ನಾನು ಗಾಲ್ಫ್ ಕಲಿಯತೊಡಗಿದೆ. ಎಂಟು ತಿಂಗಳು ಸರ್ವೇ ಸಾಹೇಬರು ನನಗೆ ಹೇಳಿದ್ದು ಒಂದೇ ಮಾತು, ಕೈ ಸಡಿಲ ಬಿಡಿರಿ ಎಂದು. ನಾನು ಕೋಲನ್ನು ಹಿಡಿಯುತ್ತಿದ್ದದ್ದು ಹೆರಿಗೆಯಲ್ಲಿ ಅಡ್ಡ ಸಿಕ್ಕ ಕರುವಿನ ಕಾಲಿಗೆ ಹಗ್ಗ ಕಟ್ಟಿ ಎಳೆಯುವಾಗ ಹಿಡಿಯುವ ಹಾಗೆ. ಚೆಂಡು ಒಂದೋ ಕಾಲ ಬುಡದಲ್ಲೇ ಉಳಿಯುತ್ತಿತ್ತು, ಇಲ್ಲವೇ ನಾವು ನೋಡದ ದಿಕ್ಕಿಗೆ ಹೋಗುತ್ತಿತ್ತು. ಸಾಹೇಬರು ನಿಟ್ಟುಸಿರು ಬಿಟ್ಟು ಲೆಕ್ಕ ಬರೆದುಕೊಳ್ಳುತ್ತಿದ್ದರು.

ಆಟ ತಿಳಿಯದವರಿಗೆ ಇಷ್ಟು ಸಾಕು. ದೂರದಲ್ಲೊಂದು ಕುಳಿ, ಅಂದರೆ ಹೋಲ್, ಇರುತ್ತದೆ, ಕಡಿಮೆ ಹೊಡೆತಗಳಲ್ಲಿ ಅದಕ್ಕೆ ಚೆಂಡು ಹಾಕಿದವರು ಆ ಕುಳಿ ಗೆದ್ದ ಹಾಗೆ. ಗೆದ್ದವರು ಮುಂದಿನ ಕುಳಿಗೆ ಮೊದಲು ಹೊಡೆಯಬೇಕು. ಆ ಹಕ್ಕಿಗೆ ಆನರ್ ಎಂದು ಹೆಸರು. ಇಬ್ಬರೂ ಸಮವಾದರೆ ಹಿಂದಿನ ಸಲ ಯಾರು ಮೊದಲು ಹೊಡೆದರೋ ಅವರೇ ಮತ್ತೆ ಮೊದಲು. ಇನ್ನು ಒಬ್ಬರು ಪಳಗಿದವರು, ಇನ್ನೊಬ್ಬರು ನನ್ನಂಥವರು ಎದುರಾದರೆ ಆಟ ಸಪ್ಪೆಯಾಗಬಾರದೆಂದು ಕಚ್ಚಾ ಆಟಗಾರರಿಗೆ ಕೆಲವು ಹೊಡೆತ ಮಾಫಿ ಮಾಡುತ್ತಾರೆ. ಅದು ಹ್ಯಾಂಡಿಕ್ಯಾಪ್. ಎರಡು ಹೊಡೆತ ಮಾಫಿ ಇದ್ದವರು ಆರು ಹೊಡೆದರೆ ಬರೆದುಕೊಳ್ಳುವುದು ನಾಲ್ಕು. ಒಬ್ಬರಿಗೆ ಒಬ್ಬರು ಎದುರಾಗಿ ಆಡುವ ಆಟದಲ್ಲಿ ಕುಳಿ ಯಾರದು ಎಂದು ತೀರ್ಮಾನವಾಗುವುದು ಮಾಫಿ ಕಳೆದು ಉಳಿದ ಲೆಕ್ಕದ ಮೇಲೆ, ಆದ್ದರಿಂದ ಮುಂದೆ ಮೊದಲು ಹೊಡೆಯುವವರು ಯಾರು ಎಂಬುದೂ ಅದರ ಮೇಲೇ.

ಈಗ ಮಗಳ ವಿಷಯ. ಆಕೆ ಬೆಳಗಾವಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಾಳೆ. ಅಲ್ಲಿಯೇ ಗಣಿತ ಪಾಠ ಮಾಡುವ ಖಾನಾಪುರದ ಹುಡುಗನನ್ನು ಮೆಚ್ಚಿದಳು. ಅವರೂ ನಮ್ಮ ಹಾಗೆಯೇ ಬಸವಣ್ಣನ ವಚನ ಹೇಳಿಕೊಂಡು ಬೆಳೆದ ಜನ, ತಲೆತಲಾಂತರದಿಂದ ಹಂಚಿನ ಭಟ್ಟಿ ನಡೆಸಿದವರು. ಎಲ್ಲವೂ ಸರಿ ಇತ್ತು, ಹುಡುಗನ ತಾಯಿ ಮಾತ್ರ ಏನೂ ಹೇಳಿರಲಿಲ್ಲ. ಅವರು ಮಿಲಿಟರಿಯವರ ಮಗಳು. ಬಾಲ್ಯವನ್ನೆಲ್ಲ ಒಂದೊಂದು ಊರಿನ ದಂಡಿನ ಬಯಲಿನಲ್ಲಿ ಗಾಲ್ಫ್ ಕೋಲು ಹಿಡಿದು ಕಳೆದವರಂತೆ. ಅವರು ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡುತ್ತಾರೆ, ಎರಡು ಸಂಬಂಧ ಉಪ್ಪಿಟ್ಟು ಆರುವ ಮೊದಲೇ ಬೇಡ ಅಂದಿದ್ದಾರೆ ಎಂದು ನಮ್ಮ ಕಿವಿಗೆ ಬಿದ್ದಿತ್ತು. ನಾನೂ ಗಾಲ್ಫ್ ಆಡುತ್ತೇನೆಂದು ಮಗನಿಂದ ತಿಳಿದ ಮೇಲೆ ಅವರು ಹೇಳಿ ಕಳಿಸಿದ್ದು ಇಷ್ಟೇ: ಮನೆಗೆ ಬಂದು ಚಹಾ ಕುಡಿಯುವುದು ಆಮೇಲೆ, ಮೊದಲು ಒಂದು ಆಟ ಆಡೋಣ.

ನಮ್ಮ ಮನೆಯಲ್ಲಿ ಒಂದು ವಾರ ಬೇರೆ ಮಾತೇ ಇರಲಿಲ್ಲ. ಅಕ್ಕ ಫೋನು ಮಾಡಿ, ಏನೇ ಆಗಲಿ ಅವರಿಗಿಂತ ಮುಂದೆ ಹೆಜ್ಜೆ ಇಡಬೇಡ ಅಂದಳು. ಯಜಮಾನರು ಗಾಲ್ಫಿಗೂ ಬೀಗರಿಗೂ ಸಮನಾಗಿ ಹೆದರುವವರು, ಆ ದಿನವೇ ನೀರಿನ ಟಾಕಿ ತೊಳೆಸುವುದಿದೆ ಎಂದು ಉಳಿದುಕೊಂಡರು. ಹೊರಡುವಾಗ ಮಗಳು ಗೇಟಿನ ತನಕ ಬಂದಳು. ಸಿಟ್ಟು ಮಾಡಿಕೊಳ್ಳಬೇಡ ಎನ್ನುತ್ತಾಳೆಂದು ನಾನು ಕಾಯುತ್ತಿದ್ದೆ. ಆಕೆ ಅದನ್ನು ಹೇಳಲಿಲ್ಲ.

"ಅವ್ವಾ, ನಾ ಬ್ಯಾರೆ ಯಾರನ್ನೂ ಮದಿವಿ ಆಗೂದಿಲ್ಲ. ಅಷ್ಟ ನೆನಪ ಇಟ್ಕೊಂಡ ಆಡು," ಅಂದಳು.

ಲೆಕ್ಕ ಬರೆಯಲು ಸರ್ವೇ ಸಾಹೇಬರೂ ಬಂದರು. ಖಾನಾಪುರದ ಹಾದಿಯಲ್ಲಿ ದೇಸೂರ ದಾಟುವ ತನಕ ನಾನು ಮನಸ್ಸಿನಲ್ಲೇ ಒಂದು ಮಾತನ್ನು ತಿದ್ದಿ ತಿದ್ದಿ ಕೂಡಿಸುತ್ತಿದ್ದೆ: ನಮ್ಮ ಹುಡುಗಿಯನ್ನು ನಿಮ್ಮ ಉಡಿಯಲ್ಲಿ ಹಾಕಿಕೊಳ್ಳಿರಿ. ಯಾವ ಹೊತ್ತಿಗೆ ಹೇಳುವುದು, ಕೈ ಮುಗಿದು ಹೇಳುವುದೋ ಹಾಗೇ ಹೇಳುವುದೋ ಎಂದು ಸಾಹೇಬರನ್ನು ಕೇಳಿದೆ. ಅವರು ಹ್ಯಾಂಡಿಕ್ಯಾಪಿನ ಲೆಕ್ಕ ಮಾಡುತ್ತಿದ್ದರು. ನನ್ನನ್ನು ಅವರು ಮರಾಠಿಯ ಮರ್ಯಾದೆಯಲ್ಲಿ ಬಾಯಿ ಎನ್ನುತ್ತಾರೆ. ಬಾಯಿ, ನಿಮಗೆ ಪ್ರತಿ ಹೋಲಿಗೆ ಎರಡು ಹೊಡೆತ ಮಾಫಿ ಬರುತ್ತದೆ ಎಂದು ದೊಡ್ಡ ಸುದ್ದಿಯ ಹಾಗೆ ಹೇಳಿದರು.

ಆಟದ ಜಾಗ ಖಾನಾಪುರ ದಾಟಿ ಗುಂಜಿಯ ಹಾದಿಯಲ್ಲಿತ್ತು. ಹಂಚಿಗೆಂದು ಮಣ್ಣು ಅಗೆದು ಬಿಟ್ಟ ತಮ್ಮದೇ ಹೊಲದಲ್ಲಿ ಹುಡುಗನ ತಾಯಿ ಒಂಬತ್ತು ಕುಳಿ ಮಾಡಿಸಿದ್ದರು. ದೀಪಾವಳಿ ಆಗಷ್ಟೇ ಮುಗಿದಿತ್ತು, ಅಗೆದ ಹೊಂಡಗಳಲ್ಲಿ ಕೆಂಪು ನೀರು ನಿಂತಿತ್ತು. ಕುಳಿಯ ಸುತ್ತ ಹುಲ್ಲು ಬೆಳೆಸಿದರೆ ಕಾಡುಹಂದಿ ಬಂದು ಉಳುಮೆ ಮಾಡಿ ಹೋಗುತ್ತವೆ ಎಂದು, ಮರಳಿಗೆ ಎಣ್ಣೆ ಬೆರೆಸಿ ಕಂದು ಅಂಗಳ ಮಾಡಿದ್ದರು. ಆಡಿದವರು ತಮ್ಮ ಹೆಜ್ಜೆ ಗುರುತನ್ನು ಗೋಣಿತಟ್ಟು ಎಳೆದು ತಾವೇ ಅಳಿಸಬೇಕು. ಹಂದಿ ಕೆದರಿದ ಜಾಗದಲ್ಲಿ ಚೆಂಡು ಬಿದ್ದರೆ ಎತ್ತಿ ಈಚೆಗಿಟ್ಟುಕೊಳ್ಳಬಹುದು, ನಾವೇ ಕೆದರಿದರೆ ಇಲ್ಲ.

ಆಕೆ ನನಗಿಂತ ನಾಲ್ಕಾರು ವರ್ಷ ದೊಡ್ಡವರು, ಒಣಕಲು ಮೈ, ಚೂಡಿದಾರಿನ ಮೇಲೆ ಗಂಡಸರ ಟೊಪ್ಪಿಗೆ. ಬರ್ರಿ ಅಂದರು, ಕುಂದರ್ರಿ ಅನ್ನಲಿಲ್ಲ. ನೇರ ಮೊದಲ ಕುಳಿಗೆ ಹೊಡೆಯಲು ನಿಲ್ಲುವ ಮಣ್ಣಿನ ಕಟ್ಟೆಗೆ ಕರೆದುಕೊಂಡು ಹೋಗಿ, ಹೊಡಿರಿ ಡಾಕ್ಟರ್ರ, ನೀವು ಅತಿಥಿಗಳು ಅಂದರು.

ನಾನು ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದೆ. ನೀವು ಗಂಡಿನ ಕಡೆಯವರು, ಮೊದಲು ನೀವು ಎನ್ನಬೇಕು. ಆದರೆ ಸಂಬಂಧ ಇನ್ನೂ ಆಗಿಲ್ಲ. ಗಂಡಿನ ಕಡೆಯವರು ಎಂದುಬಿಟ್ಟರೆ ಆಗಿಯೇ ಹೋಯಿತೆಂದು ನಾನೇ ತೀರ್ಮಾನಿಸಿದಂತೆ. ಅನ್ನದೆ ಹೋಗಿ ಹೊಡೆದರೆ ಸೊಕ್ಕು. ನೀವು ದೊಡ್ಡವರು ಅಂದೆ, ವಯಸ್ಸನ್ನು ಎತ್ತಿ ಆಡಿದೆನೇನೋ ಎಂದು ನಾಲಿಗೆ ಕಚ್ಚಿಕೊಂಡೆ. ನೀವು, ಇಲ್ಲ ನೀವು, ಛೇ ಎಲ್ಲಾದರೂ ಉಂಟೇ ನೀವು ಎಂದು ಹತ್ತು ನಿಮಿಷ ನಡೆಯಿತು. ಕಡೆಗೆ ಸಾಹೇಬರು ತಾಳಲಾರದೆ ಚೆಂಡಿಡುವ ಮರದ ಮೊಳೆಯನ್ನು ಮೇಲಕ್ಕೆ ತೂರಿದರು. ಅದು ನೆಲಕ್ಕೆ ಬಿದ್ದು ಯಾರ ಕಡೆ ಮೊನೆ ತೋರಿಸುತ್ತದೋ ಅವರು ಮೊದಲು ಎಂದರು. ಅದು ಆಕೆಯ ಕಡೆ ತೋರಿಸಿತು. ನನಗೆ ಹೋದ ಜೀವ ಬಂದಂತಾಯಿತು.

ಆಕೆಯ ಹೊಡೆತ ನೋಡುವ ಹಾಗಿತ್ತು. ಸದ್ದು ಒಂದು ಚಿಟಿಕೆಯಷ್ಟು, ಚೆಂಡು ಮಾತ್ರ ಹೊಂಡ ದಾಟಿ ಹೋಗಿ ಬಿತ್ತು. ಆಕೆ ಐದರಲ್ಲಿ ಮುಗಿಸಿದರು, ನಾನು ಒಂಬತ್ತು ಹೊಡೆದೆ. ಎರಡು ಕಳೆದರೂ ಏಳು. ಕುಳಿ ಅವರದು, ಮುಂದೆಯೂ ಮೊದಲು ಅವರೇ. ಹೀಗೇ ಒಂಬತ್ತು ಕುಳಿ ಸೋತರೆ ಮಗಳ ಮದುವೆ ಸುಸೂತ್ರ ಎಂದು ನಾನು ಖುಷಿಯಾಗಿ ಗೋಣಿತಟ್ಟು ಎಳೆದೆ.

ಎರಡನೆಯದರಲ್ಲಿ ನನ್ನ ಚೆಂಡು ಒಂದು ಜಂಬಿಟ್ಟಿಗೆ ಕಲ್ಲಿಗೆ ಬಡಿದು, ಎತ್ತಲೋ ಹೋಗಬೇಕಾದದ್ದು ಸೀದಾ ಕಂದು ಅಂಗಳಕ್ಕೇ ಹಾರಿತು. ಆಕೆ ಐದು, ನಾನು ಆರು. ಬಾಯಿಯವರದು ಎರಡು ಕಳೆದು ನಾಲ್ಕು, ಹೋಲ್ ಬಾಯಿಯವರದು, ಆನರ್ ಬಾಯಿಯವರದು ಎಂದು ಸಾಹೇಬರು ಲಗ್ನದ ಅಕ್ಷತೆಗೆ ಕರೆಯುವ ದನಿಯಲ್ಲಿ ಸಾರಿದರು. ನಾನು ಕಣ್ಣಿನಲ್ಲೇ ಅವರನ್ನು ಸುಟ್ಟೆ. ಅವರು ಲೆಕ್ಕ ಬರೆಯುತ್ತಿದ್ದರು, ನೋಡಲಿಲ್ಲ.

ಮೂರನೇ ಕುಳಿಯ ಕಟ್ಟೆಯ ಬಳಿ ನಾನು ಬೂಟಿನ ಲಾಡಿ ಬಿಚ್ಚಿ ಕಟ್ಟಿದೆ. ಚೀಲದಲ್ಲಿ ಇಲ್ಲದ ವಸ್ತು ಹುಡುಕಿದೆ. ಬಾರದ ಫೋನನ್ನು ಕಿವಿಗೆ ಹಿಡಿದು, ನೀವು ಹೊಡೆಯುತ್ತಿರಿ ಎಂದು ಕೈಸನ್ನೆ ಮಾಡಿದೆ. ಆಕೆ ಕೋಲಿಗೆ ಒರಗಿ ನಿಂತೇ ಇದ್ದರು. ಈ ಎರಡು ಹೊಡೆತದ ಮಾತು ಕಾಗದದ ಮೇಲಿನದು ಅಕ್ಕಾರ, ಖರೇ ನೋಡಿದರೆ ನೀವು ಐದು ನಾನು ಆರು, ಗೆದ್ದವರು ನೀವೇ ಎಂದೆ. ಸಾಹೇಬರು ಜೇಬಿನಿಂದ ಫೋನು ತೆಗೆದು ನಿಯಮ ಓದಿದರು. ಓದಿ ಮುಗಿಸಿದ ಮೇಲೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು. ಹೋಲ್ ಗೆದ್ದವರೇ ಮೊದಲು, ಹೇಗೆ ಗೆದ್ದರೆಂದು ಯಾರೂ ಕೇಳುವುದಿಲ್ಲ ಎಂದು. ಬೇರೆ ದಾರಿ ಇಲ್ಲದೆ, ಅಪರಾಧ ಮಾಡುವವಳ ಹಾಗೆ ಆಚೀಚೆ ನೋಡಿ ನಾನು ಮೊದಲು ಹೊಡೆದೆ. ಹೊಡೆಯುವಾಗ ಸೋದರತ್ತೆಯ ಚಹಾ ನೆನಪಾಯಿತು.

ಈ ಸಲ ಸೋಲಲೇಬೇಕೆಂದು ಮನಸ್ಸು ಗಟ್ಟಿ ಮಾಡಿದ್ದೆ. ಎಡಕ್ಕಿದ್ದ ಹೊಂಡಕ್ಕೆ ಗುರಿ ಇಟ್ಟು, ಏನಾದರಾಗಲಿ ಎಂದು ಕೋಲು ಬೀಸಿದೆ. ಆಗ ಆದದ್ದನ್ನು ಇವತ್ತಿಗೂ ಸಾಹೇಬರು ಓಣಿಯ ತುಂಬ ಹೇಳುತ್ತಾರೆ. ಎಂಟು ತಿಂಗಳು ಬಡಿದುಕೊಂಡರೂ ಸಡಿಲವಾಗದ ನನ್ನ ಕೈ, ಗೆಲ್ಲುವ ಆಸೆ ಬಿಟ್ಟ ಕೂಡಲೇ ಸಡಿಲವಾಗಿತ್ತು. ಚೆಂಡು ಹೊಂಡವನ್ನು ಪೂರಾ ದಾಟಿ, ಆಚೆ ದಡದ ಒಡಕು ಹಂಚಿನ ರಾಶಿಗೆ ತಾಗಿ, ನಡುದಾರಿಯಲ್ಲಿ ಬಂದು ಕುಳಿತಿತು. ಶಾಬಾಶ್ ಎಂದು ಸಾಹೇಬರು ಕೂಗಿದರು. ಕಾದು ಕಾದು ಬೇಸತ್ತಿದ್ದ ಆಕೆ ತಮ್ಮ ಚೆಂಡನ್ನು ಎತ್ತರದ ಹುಲ್ಲಿಗೆ ಹೊಡೆದರು. ಆಕೆ ಆರು, ನಾನು ಏಳು, ಕಳೆದು ಐದು. ಮತ್ತೆ ನನ್ನದೇ.

ನಾಲ್ಕನೆಯದು ಸಮವಾಯಿತು. ಸಮವಾದರೆ ಹಿಂದಿನವರೇ ಮೊದಲು, ಅಂದರೆ ನಾನೇ. ಐದನೆಯದಕ್ಕೆ ಕಣ್ಣು ಅರ್ಧ ಮುಚ್ಚಿ ಹೊಡೆದೆ, ಅದನ್ನೂ ಗೆದ್ದೆ. ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಯಾವತ್ತೂ ಆಡಿರಲಿಲ್ಲ, ಅಷ್ಟು ದುಃಖದಲ್ಲಿಯೂ ಆಡಿರಲಿಲ್ಲ. ಆಕೆಯ ಮುಖ ಬಿಗಿಯಾಗುತ್ತಿತ್ತು. ಪ್ರತಿ ಸಲ ನನ್ನ ‘ನೀವು ಮೊದಲು ಅಕ್ಕಾರ’ ಶುರುವಾದಾಗ ಆಕೆ ಟೊಪ್ಪಿಗೆಯನ್ನು ಸ್ವಲ್ಪ ಕೆಳಗೆಳೆಯುತ್ತಿದ್ದರು. ಹೆಣ್ಣಿನ ತಾಯಿ ಹೀಗೆ ಮುಂದೆ ಮುಂದೆ ಬೀಳುತ್ತಾಳಲ್ಲ ಎಂದು ಸಿಟ್ಟಾಗಿದ್ದಾರೆ ಎಂದೇ ನಾನು ತಿಳಿದೆ.

ಐದನೆಯದರಲ್ಲಿ ಆಕೆ ಹುಲ್ಲಿನಲ್ಲಿ ಚೆಂಡು ಹುಡುಕುತ್ತಿದ್ದಾಗಲೇ ಸಾಹೇಬರನ್ನು ಈಚೆಗೆ ಕರೆದೆ. ಮುಂದಿನ ಹೋಲಿನಲ್ಲಿ ನನ್ನ ಹೆಸರಿಗೆ ಎರಡು ಹೊಡೆತ ಹೆಚ್ಚು ಬರೆಯಿರಿ, ಆಕೆಗೆ ಕಾಣುವುದಿಲ್ಲ ಎಂದೆ. ಸಾಹೇಬರು ನನ್ನನ್ನು ನೋಡಿದ ನೋಟವನ್ನು ನಾನು ಮರೆಯುವುದಿಲ್ಲ.

"ಬಾಯಿ, ಮೂವತ್ತೈದು ವರ್ಷ ಹೊಲ ಅಳದೇನಿ. ಒಬ್ಬರ ಬಾಂದ್‌ಗಲ್ಲು ಇನ್ನೊಬ್ಬರ ಹೊಲದಾಗ ಸರಿಸಿಲ್ಲ. ಈಗ ನಿಮ್ಮ ಸಲುವಾಗಿ ಸರಸ್ಬೇಕೇನು?"

ಮಗಳ ಬಾಳು ಎಂದೆ. ಮಗಳ ಬಾಳು ಮಗಳ ಕಡೆ, ಕಾರ್ಡು ಕಾರ್ಡಿನ ಕಡೆ ಎಂದರು. ನಮ್ಮ ಓಣಿಯಲ್ಲಿ ಅವರಿಗೆ ಗೆಳೆಯರು ಯಾಕೆ ಕಡಿಮೆ ಎಂದು ಆಗ ತಿಳಿಯಿತು.

ಆರನೆಯದರಲ್ಲಿ ಆಕೆ ಐದರಲ್ಲಿ ಮುಗಿಸಿದರು. ನಾನು ಐದು ಹೊಡೆದಿದ್ದೆ, ಚೆಂಡು ಕುಳಿಯಿಂದ ಒಂದು ಗೇಣು ದೂರ ನಿಂತಿತ್ತು. ತಳ್ಳಿದರೆ ಆರು, ಕಳೆದು ನಾಲ್ಕು, ಮತ್ತೆ ಗೆಲುವು. ಇಷ್ಟು ಹತ್ತಿರದ್ದನ್ನು ತಪ್ಪಿಸುವುದು ಹಾಕುವುದಕ್ಕಿಂತ ಕಷ್ಟ. ಕುಳಿಯ ಬಲಕ್ಕೆ ತಳ್ಳಿದೆ, ಆಚೆ ಹೋಯಿತು. ಆಚೆಯಿಂದ ಎಡಕ್ಕೆ ತಳ್ಳಿದೆ, ಈಚೆ ಬಂತು. ಎಂಟನೆಯದಕ್ಕೆ ಒಳಗೆ ಹಾಕಿ, ಅಯ್ಯೋ ಕೈ ತಪ್ಪಿತಲ್ಲ ಎಂದು ತಲೆ ಚಚ್ಚಿಕೊಂಡೆ. ನಾಟಕ ನನಗೆ ಬರುವುದಿಲ್ಲ. ಸಾಹೇಬರೇ ನೆಲ ನೋಡಿದರು. ಎಂಟು, ಕಳೆದು ಆರು, ಹೋಲ್ ಅಕ್ಕಾರದು ಎಂದು ಮೆಲ್ಲಗೆ ಹೇಳಿದರು.

ಏಳನೇ ಕುಳಿಯ ಕಟ್ಟೆಗೆ ಬಂದೆವು. ಈಗ ಮೊದಲು ಹೊಡೆಯಬೇಕಾದವರು ಆಕೆ. ನಾನು ಸೆರಗು ಸರಿಮಾಡಿಕೊಳ್ಳುವವಳ ಹಾಗೆ ದುಪಟ್ಟಾ ಸರಿಮಾಡಿಕೊಂಡು, ಎರಡು ಹೆಜ್ಜೆ ಹಿಂದೆ, ಇರಬೇಕಾದ ಜಾಗದಲ್ಲಿ ನಿಂತೆ. ಆಕೆ ಕೋಲನ್ನು ನೆಲಕ್ಕೆ ಹಾಕಿಬಿಟ್ಟರು.

"ಬೇಕಂತ ಬಿಟ್ರಿ," ಅಂದರು.

ಇಲ್ಲ, ಕೈ ನಡುಗಿತು ಎಂದೆ.

"ಎಮ್ಮಿ ಹೊಟ್ಟ್ಯಾಗ ಹಾಕಿ ಕರಾ ತಿರುಗಿಸೂ ಕೈರಿ ನಿಮ್ಮವು. ನಡಗೂದಿಲ್ಲ. ಆ ಹೋಲ್ ನಂದಲ್ಲ. ನಾ ಮೊದಲ ಹೊಡಿಯೂದಿಲ್ಲ."

ರೂಲಿನ ಪ್ರಕಾರ ನಿಮ್ಮದೇ ಎಂದು ಸಾಹೇಬರು ಬಾಯಿ ಹಾಕಿದರು, ಚೆಂಡು ಯಾಕೆ ತಪ್ಪಿತು ಎಂದು ರೂಲು ಕೇಳುವುದಿಲ್ಲ ಎಂದರು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹೊಡೆಯುವಂತಿಲ್ಲ, ಆಕೆ ಹೊಡೆಯುವುದಿಲ್ಲ. ಬಿಸಿಲು ಏರುತ್ತಿತ್ತು. ಬೆಳಗಿನಿಂದ ಒತ್ತಿ ಹಿಡಿದಿದ್ದ ಸಿಟ್ಟು ನನ್ನ ಮೂಗಿನ ತುದಿಯಿಂದ ನಾಲಿಗೆಗೆ ಇಳಿಯಿತು.

"ಹೌದ್ರಿ, ಬೇಕಂತನ ಬಿಟ್ಟೆ. ಮೂರನೇ ಹೋಲಿನಿಂದ ಸೋಲಾಕ ಹೆಣಗ್ಯಾಡಾಕ ಹತ್ತೇನಿ, ಈ ಹಾಳಾದ ಎರಡು ಹೊಡ್ತ ನನ್ನ ಸೋಲಾಕ ಬಿಡವಲ್ವು. ನಿಮಗಿಂತ ಮೊದಲ ನಿಂತ ಹೊಡದು, ನಿಮ್ಮ ಮನಸ್ಸಿಗೆ ಬ್ಯಾಸರಾಗಿ, ನನ್ನ ಮಗಳ ಲಗ್ನ ಮುರದ್ರ ನಾ ಏನ್ ಮಾಡ್ಲಿ?"

ಆಡಬಾರದೆಂದು ಒಂದು ವಾರ ಕಟ್ಟಿಟ್ಟುಕೊಂಡ ಮಾತೆಲ್ಲ ಒಂದೇ ಉಸಿರಿನಲ್ಲಿ ಹೊರಗೆ ಬಿದ್ದಿತ್ತು. ಆಕೆ ಮಣ್ಣಿನ ಕಟ್ಟೆಯ ಅಂಚಿಗೆ ಕುಳಿತರು. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಕೂಗಾಡಲಿಲ್ಲ, ನಿಧಾನವಾಗಿಯೇ ಹೇಳಿದರು.

ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅತ್ತೆಯ ಜೊತೆ ಹನ್ನೊಂದು ವರ್ಷ ಚೌಕಾಬಾರ ಆಡಿದರಂತೆ. ಊಟವಾದ ಮೇಲೆ ಪಡಸಾಲೆಯಲ್ಲಿ ಕವಡೆ ಹಾಕಿಕೊಂಡು, ದಿನಾಲೂ. ಒಂದು ದಿನವೂ ಗೆಲ್ಲಲಿಲ್ಲ. ಅತ್ತೆಯ ಕಾಯಿ ಹೊಡೆಯುವ ಹಾಗಿದ್ದರೂ ಬೇರೆ ಕಾಯಿ ನಡೆಸುವುದು, ಬಿದ್ದ ಕವಡೆಯನ್ನು ತಪ್ಪು ಎಣಿಸುವುದು. ಸೊಸೆ ಸೋತರೆ ಮನೆ ತಣ್ಣಗಿರುತ್ತದೆ ಎಂದು ತವರಿನಿಂದ ಹೇಳಿ ಕಳಿಸಿದ್ದರು. ಮುದುಕಿ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ಇವರ ಕೈ ಹಿಡಿದುಕೊಂಡು, ನೀನು ಒಂದು ದಿನವೂ ನನ್ನ ಜೊತೆ ಆಡಲಿಲ್ಲವಲ್ಲ ಎಂದಳಂತೆ. ಆಕೆಗೆ ಮೊದಲಿನಿಂದಲೂ ಗೊತ್ತಿತ್ತು.

"ಆಕೀಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹನ್ನೊಂದ ವರ್ಷ ಇಬ್ರೂ ಒಂದ ಮಣಿ ಮುಂದ ಕುಂತು ಒಬ್ಬೊಬ್ಬರ ಆಡಿದಂಗ ಇದ್ವಿ," ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಸೋತು ಕೊಡೂ ಸೊಸಿ ನನಗ ಬ್ಯಾಡ್ರಿ. ನಿಮ್ಮ ಮಗಳಿಗೂ ಹಿಂಗ ಕಲಿಸಿದ್ರ ಈಗ ಹೇಳಿಬಿಡ್ರಿ."

ನನಗೆ ನಾಚಿಕೆಯಾಯಿತು. ಹೆದರಿಕೆಯೂ ಆಯಿತು. ಮರ್ಯಾದೆ ಕೊಡುತ್ತಿದ್ದೇನೆಂದು ಬೆಳಗಿನಿಂದ ನಾನು ಮಾಡಿದ್ದೆಲ್ಲ ಆಕೆಗೆ ಅವಮಾನವಾಗಿತ್ತು. ಬಾಯಿಗೆ ಬಂದದ್ದು ನಿಜ ಮಾತ್ರ.

"ಆಕಿ ನನ್ನ ಮಾತು ಯಾವಾಗ ಕೇಳ್ಯಾಳ್ರಿ ಅಕ್ಕಾರ? ಅವರಪ್ಪಗ ಹುಷಾರಿಲ್ಲಂದ್ರೂ ಕೇರಂನ್ಯಾಗ ಒಂದ ಕಾಯಿ ಬಿಟ್ಟ ಕೊಡೂದಿಲ್ಲ."

ಆಕೆ ಎದ್ದು ಕೋಲು ಎತ್ತಿಕೊಂಡರು. ಹಾಗಾದರೆ ಇನ್ನು ಮೂರು ಹೋಲ್ ಖರೇ ಆಡಿರಿ, ಇಲ್ಲದಿದ್ದರೆ ಇಲ್ಲಿಗೇ ಬಿಡಿರಿ ಅಂದರು. ನಾನು ಕೆಡಿಸಿದ ಆರನೇ ಹೋಲನ್ನು ಸಾಹೇಬರ ರೂಲಿಗೆ ಬಿಟ್ಟುಕೊಟ್ಟು ತಾವೇ ಮೊದಲು ಹೊಡೆದರು.

ಖರೇ ಆಡಬೇಕೆಂದು ಹಟ ತೊಟ್ಟ ಕೂಡಲೇ ನನ್ನ ಕೈ ಮತ್ತೆ ಕರು ಎಳೆಯುವ ಕೈಯಾಯಿತು. ಮೊದಲ ಹೊಡೆತ ಹತ್ತು ಹೆಜ್ಜೆ ಹೋಯಿತು, ಎರಡನೆಯದು ಹೊಂಡಕ್ಕೆ. ಎಂಟು ಹೊಡೆದು ಏಳನೆಯದನ್ನು ಸೋತೆ. ಈ ಸೋಲು ಅಸಲಿ, ನೋಡಿದವರಿಗೆ ಅನುಮಾನವೇ ಬರುವಂತಿರಲಿಲ್ಲ. ನನಗೆ ಮಾತ್ರ ಹೊಟ್ಟೆ ಉರಿಯಿತು. ಬೆಳಗಿನಿಂದ ಮೊದಲ ಸಲ ನನಗೆ ಗೆಲ್ಲಬೇಕೆನಿಸಿತು. ಎಂಟನೆಯದರಲ್ಲಿ ಹಲ್ಲು ಕಚ್ಚಿ ಆರಕ್ಕೆ ಮುಗಿಸಿದೆ, ಆಕೆ ಐದು. ಕಳೆದು ನಾಲ್ಕು, ಕುಳಿ ನನ್ನದು. ಸಾಹೇಬರು ಸಾರುವ ಮೊದಲೇ ನಾನು ಒಂಬತ್ತನೇ ಕಟ್ಟೆ ಹತ್ತಿ ಮೊಳೆ ನೆಟ್ಟಿದ್ದೆ. ಲಾಡಿ ಕಟ್ಟಲಿಲ್ಲ, ಫೋನು ತೆಗೆಯಲಿಲ್ಲ, ಹಿಂದೆ ತಿರುಗಿ ನೋಡಲೂ ಇಲ್ಲ. ಹಿಂದಿನಿಂದ ಆಕೆ ನಕ್ಕ ಸದ್ದು ಕೇಳಿತು.

ಒಂಬತ್ತನೆಯದನ್ನು ಆಕೆ ನನಗೆ ಬಿಡಲಿಲ್ಲ. ನಾಲ್ಕೇ ಹೊಡೆತ. ಕಡೆಯದನ್ನು ಅಂಗಳದ ಆ ತುದಿಯಿಂದ ತಳ್ಳಿದರು. ಚೆಂಡು ಒಳಗೆ ಬಿದ್ದಾಗ ಟೊಪ್ಪಿಗೆ ಎಸೆದು, ಅರವತ್ತೈದರ ಹೆಂಗಸು, ಚಪ್ಪಾಳೆ ಹೊಡೆದರು. ನನ್ನದು ಏಳು, ಕಳೆದು ಐದು.

ಸಾಹೇಬರು ಎರಡು ಸಲ ಕೂಡಿಸಿ ನೋಡಿದರು. ಇಬ್ಬರಿಗೂ ನಾಲ್ಕು ನಾಲ್ಕು ಹೋಲ್, ಒಂದು ಸಮ. ಆಟ ಸಮವಾಗಿದೆ, ಬಿಡುವಂತಿಲ್ಲ, ಇನ್ನೊಂದು ಹೋಲ್ ಆಡಿ ತೀರ್ಮಾನ ಮಾಡಬೇಕು, ಆನರ್ ಅಕ್ಕಾರದು ಎಂದರು. ನಾನು ಚೀಲ ಎತ್ತಿಕೊಂಡೆ. ಆದರೆ ಅದಕ್ಕೂ ಮೊದಲು, ಆಟ ಯಾರು ಗೆದ್ದರೂ ಸರಿ, ಹೇಳಬೇಕಾದದ್ದನ್ನು ಹೇಳಿಬಿಡೋಣ ಎನಿಸಿತು. ಕೈ ಮುಗಿಯಲೋ ಬೇಡವೋ ಎಂದು ಇನ್ನೂ ತೀರ್ಮಾನವಾಗಿರಲಿಲ್ಲ. ಕೋಲನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈ ಅರ್ಧ ಎತ್ತಿ, ಅಕ್ಕಾರ, ನಮ್ಮ ಹುಡುಗಿನ್ನ ಎಂದು ಶುರು ಮಾಡಿದೆ.

ಆಕೆ ಕೈ ಅಡ್ಡ ಹಿಡಿದರು.

"ತಡೀರಿ. ಕಡೀ ಹೋಲ್ ಗೆದ್ದಾಕಿ ನಾನು. ಆನರ್ ನಂದಂತ ಸಾಹೇಬ್ರ ಹೇಳಿದ್ರಲ್ಲ? ಮೊದಲ ನಾ ಕೇಳ್ತೇನಿ." ಚೀಲ ಕೆಳಗಿಟ್ಟು, ಮರಳು ಮೆತ್ತಿದ ಅಂಗೈ ಒರೆಸಿಕೊಂಡು, ಅವರೇ ಎರಡೂ ಕೈ ಜೋಡಿಸಿದರು. "ನಿಮ್ಮ ಮಗಳನ್ನ ನಮ್ಮ ಮನಿಗೆ ಕೊಡ್ತೀರೇನ್ರಿ?"

ನನ್ನ ಮದುವೆಗೆ ನಮ್ಮಪ್ಪ ಮೂರು ಸಲ ಗಂಡಿನ ಮನೆಗೆ ಅಲೆದಿದ್ದ. ಎರಡು ಸಲ ಹೊರಗಿನ ಕಟ್ಟೆಯ ಮೇಲೇ ಕೂರಿಸಿ ಕಳಿಸಿದ್ದರು. ಮೂರನೇ ಸಲ ಒಳಗೆ ಕರೆದಾಗ ಆತ ಚಪ್ಪಲಿ ಬಿಡುವ ಮೊದಲೇ ಕೈ ಜೋಡಿಸಿದ್ದ ಎಂದು ನಮ್ಮವ್ವ ಹೇಳುತ್ತಿದ್ದಳು. ಗಂಡಿನ ತಾಯಿ ಬಾಯಿ ಬಿಟ್ಟು ಕೇಳಿದ್ದನ್ನು ನಾನು ನಮ್ಮ ಬಳಗದಲ್ಲಿ ಯಾರ ಮನೆಯಲ್ಲೂ ಕಂಡಿರಲಿಲ್ಲ. ಕೋಲು ಕಂಕುಳಿನಿಂದ ಜಾರಿ ನನ್ನ ಕಾಲ ಮೇಲೆ ಬಿತ್ತು, ನೋವು ಗೊತ್ತಾಗಲಿಲ್ಲ. ಕಣ್ಣು ತುಂಬಿ ಬಂದಿತ್ತು, ಅದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಸಾಹೇಬರು ಪೆನ್ಸಿಲ್ ಹಿಡಿದು, ಹತ್ತನೆಯದು ಆಡುವುದೋ ಬಿಡುವುದೋ ಎಂದು ಕೇಳುತ್ತಲೇ ಇದ್ದರು.

"ಕೊಡ್ತೇನ್ರಿ," ಅಂದೆ. ಎರಡು ಸಲ ಹೇಳಬೇಕಾಯಿತು. ಮೊದಲ ಸಲ ಹೇಳಿದ್ದು ಸಾಹೇಬರ ಪ್ರಶ್ನೆಯಲ್ಲಿ ಮುಚ್ಚಿಹೋಗಿತ್ತು.